ಜಾತ್ರೆಯ ನಕಲಿ ವೀರರು

ಸಂಗ್ರಹಿಸುವ ಚಟವೂ ಒಂದು ಬಗೆಯ ಹುಚ್ಚೇ ಸರಿ. ಆದರೆ ಸಮಾಜವು ಕ್ಷಮಿಸಿಬಿಟ್ಟಿರುವ ಹುಚ್ಚು. ಅಂಚೆಚೀಟಿಗಳನ್ನು ಕೂಡಿಡುವವನನ್ನು ನಾವು ವ್ಯಾಸಂಗಿ ಎನ್ನುತ್ತೇವೆ. ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಇತಿಹಾಸಪ್ರಿಯನೆನ್ನುತ್ತೇವೆ. ಆದಿಲಶಾಹಿ ಕಾಲದ ಒಂದು ತಾಮ್ರದ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಸಂಜೆಯವರೆಗೂ ಮಾತಾಡಬಲ್ಲ ಮಹನೀಯರು ನಮ್ಮ ವಿಜಯಪುರದ ಸೀಮೆಯಲ್ಲಿದ್ದಾರೆ. ಅವರ ಮುಂದೆ ನನ್ನ ಸಂಗ್ರಹದ ಮಾತನ್ನು ತೆಗೆಯುವುದು ಸ್ವಲ್ಪ ಕಷ್ಟ. ಏಕೆಂದರೆ ನಾನು ಕೂಡಿಡುವುದು ಜಾತ್ರೆಯಲ್ಲಿ ಹತ್ತು, ಇಪ್ಪತ್ತು, ಹೆಚ್ಚೆಂದರೆ ಐವತ್ತು ರೂಪಾಯಿಗೆ ಸಿಕ್ಕುವ ಪ್ಲಾಸ್ಟಿಕ್ ಗೊಂಬೆಗಳನ್ನು. ಅವುಗಳಲ್ಲಿಯೂ ಹೆಸರಾಂತ ಸಿನಿಮಾದ ವೀರರನ್ನು ಹೋಲುವ, ಆದರೆ ಪೂರ್ತಿಯಾಗಿ ಹೋಲದ, ನಕಲಿ ಗೊಂಬೆಗಳನ್ನು.

ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಕೃಷ್ಣೆಯ ದಂಡೆಯಲ್ಲಿ ಯಲಗೂರದ ಹಣಮಪ್ಪನ ಸನ್ನಿಧಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಸಂತೆ—ಎಲ್ಲಿಗೆ ಹೋದರೂ ಆಟಿಗೆ ಸಾಮಾನಿನ ಅಂಗಡಿಯ ರೂಪ ಒಂದೇ. ಬೆಂಡು ಬತ್ತಾಸಿನ ಸಾಲು ಮುಗಿದು ಬಳೆಯ ಅಂಗಡಿಗಳು ಶುರುವಾಗುವ ಕಡೆ ನೆಲಕ್ಕೆ ಒಂದು ತಾಡಪತ್ರಿ ಹಾಸಿರುತ್ತದೆ. ಮೇಲೆ ಕಟ್ಟಿದ ಹಗ್ಗಕ್ಕೆ ಪೀಪಿ, ಪುಗ್ಗಾ, ಮುಖವಾಡಗಳು ತೂಗುತ್ತಿರುತ್ತವೆ. ಕೆಳಗೆ ಲೋಕೈಕವೀರರೆಲ್ಲ ಧೂಳಿನಲ್ಲಿ ಅಂಗಾತ ಮಲಗಿರುತ್ತಾರೆ. ಹತ್ತಿರ ಕುಳಿತು ನೋಡಿದರೆ ಒಂದು ರಹಸ್ಯ ತಿಳಿಯುತ್ತದೆ: ಒಡಲು ಎಲ್ಲರಿಗೂ ಒಂದೇ, ಬದಲಾಗುವುದು ತಲೆ ಮತ್ತು ಬಣ್ಣ. ಒಂದೇ ಅಚ್ಚಿನಿಂದ ಇಳಿದ ಎದೆಯುಬ್ಬಿದ ದೇಹಕ್ಕೆ ಜೇಡರಬಲೆಯ ಮುಸುಕು ಹಾಕಿದರೆ ಸ್ಪೈಡರ್‌ಮ್ಯಾನ್. ಕಿವಿ ನಿಮಿರಿದ ಕರಿಯ ಟೊಪ್ಪಿಗೆ ಹಾಕಿದರೆ ಬ್ಯಾಟ್‌ಮ್ಯಾನ್. ಬರಿಯ ತಲೆ ಇಟ್ಟು ನೀಲಿ ಬಳಿದರೆ ಸೂಪರ್‌ಮ್ಯಾನ್. ಕಾರಖಾನೆಯಲ್ಲಿ ಕೆಂಪು ಬಣ್ಣ ತೀರಿದ ದಿನ ಸ್ಪೈಡರ್‌ಮ್ಯಾನ್ ಹಸಿರಾಗಿ ಹುಟ್ಟುತ್ತಾನೆ. ಸಿನಿಮಾದಲ್ಲಿ ಅವನಿಗಿಲ್ಲದ ಉತ್ತರೀಯವೊಂದು ನನ್ನಲ್ಲಿರುವ ಗೊಂಬೆಯ ಬೆನ್ನ ಮೇಲೆ ಗಾಳಿಗೆ ಹಾರುತ್ತಿದೆ. ಹೈದರಾಬಾದಿನಲ್ಲಿ ಹುಟ್ಟಿ 2008ರಿಂದ ನಮ್ಮ ಮಕ್ಕಳನ್ನು ದೂರದರ್ಶನದ ಮುಂದೆ ಕಟ್ಟಿಹಾಕಿದ ಛೋಟಾ ಭೀಮನೂ ಇಲ್ಲಿದ್ದಾನೆ. ಆದರೆ ಅವನ ಧೋತರಕ್ಕೆ ಕಿತ್ತಳೆಯ ಬಣ್ಣ ಬೀಳುವ ಬದಲು ಹೊಟ್ಟೆಗೆ ಬಿದ್ದಿದೆ.

ಈ ಗೊಂಬೆಗಳ ಪೊಟ್ಟಣಗಳ ಮೇಲಿನ ಇಂಗ್ಲಿಷೋ, ಅದೊಂದು ಬೇರೆಯೇ ಸಾಹಿತ್ಯ. ಒಂದು ಅಕ್ಷರ ಹೆಚ್ಚು, ಒಂದು ಅಕ್ಷರ ಕಡಿಮೆ. ನಮ್ಮಲ್ಲಿ ಮಾತ್ರವಲ್ಲ, ಲೋಕದಲ್ಲೆಲ್ಲ ಹೀಗೆಯೇ. 1987ರ ‘ರೋಬೋಕಾಪ್’ ಎಂಬ ಚಿತ್ರದ ಯಂತ್ರಪೊಲೀಸನನ್ನು ಹೋಲುವ ಗೊಂಬೆಯೊಂದು ‘ರಾಬರ್ಟ್ ಕಾಪ್’ ಎಂಬ ಹೆಸರಿನಿಂದ ಮಾರಾಟವಾಗಿ, ಇಂಥವನ್ನು ಕೂಡಿಡುವವರ ನಡುವೆ ಅಮರವಾಗಿದೆ. ಬೇರೆ ಬೇರೆ ಕಂಪನಿಗಳಿಗೆ ಸೇರಿದ ವೀರರನ್ನೆಲ್ಲ ಒಂದೇ ರಟ್ಟಿಗೆ ಕಟ್ಟಿ ‘ಸೆನ್ಸ್ ಆಫ್ ರೈಟ್ ಅಲಯನ್ಸ್’ ಎಂದು ಮಾರಿದ ಪುಣ್ಯಾತ್ಮರೂ ಉಂಟು. ‘ನ್ಯಾಯದ ಕೂಟ’ ಎಂಬ ಹೆಸರನ್ನು ಯಾರೋ ನಿಘಂಟು ನೋಡಿಕೊಂಡು ‘ಸರಿಯೆಂಬುದರ ಅರಿವಿನ ಒಕ್ಕೂಟ’ವೆಂದು ಬದಲಾಯಿಸಿದಂತಿದೆ. ನೀತಿಶಾಸ್ತ್ರದ ಗ್ರಂಥವೊಂದಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಸಿಕ್ಕುವುದು ಕಷ್ಟ.

ಇವುಗಳಿಗೆ ನಮ್ಮ ಪೇಟೆಯಲ್ಲಿ ಎರಡು ಹೆಸರು: ‘ಡುಪ್ಲಿಕೇಟ್’, ಇಲ್ಲವೆ ‘ಚೈನಾ ಮಾಲು’. ಎರಡನೆಯ ಹೆಸರು ಈಗ ಅಷ್ಟು ಸರಿಯಲ್ಲ. ಆಟಿಕೆಗಳ ಆಮದಿನ ಮೇಲೆ ಶೇಕಡಾ 20 ಇದ್ದ ಸುಂಕ 2020ರಲ್ಲಿ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ಅಂದಿನಿಂದ ಇಂಥ ಗೊಂಬೆಗಳನ್ನು ನಮ್ಮವರೇ ಅಚ್ಚು ಹಾಕುವುದು ಹೆಚ್ಚಿದೆ. ಆದರೂ ಹೆಸರು ಹೋಗಲಿಲ್ಲ. ‘ಚೈನಾ’ ಎಂಬುದು ನಮ್ಮ ಭಾಗದಲ್ಲಿ ದೇಶದ ಹೆಸರಾಗಿ ಉಳಿದಿಲ್ಲ. ಬಾಳಿಕೆ ಬಾರದ್ದು ಎಂಬ ಗುಣವಾಚಕವಾಗಿದೆ. ನಮ್ಮ ಭಾಷೆಯಲ್ಲಿ ಒಂದು ಇಡೀ ರಾಷ್ಟ್ರ ಹೀಗೆ ವಿಶೇಷಣವಾಗಿ ಸವೆದದ್ದನ್ನು ವ್ಯಾಕರಣಕಾರರು ಗಮನಿಸಬೇಕು.

ಇರಲಿ. ನನ್ನ ಪ್ರಶ್ನೆ ಬೇರೆ. ಈ ಗೊಂಬೆಯಲ್ಲಿ ಸುಳ್ಳೆಂಬುದು ಇದೆಯೆ? ಇದ್ದರೆ ಎಲ್ಲಿದೆ? ಅಚ್ಚು ಕೊರೆದವನಲ್ಲಿಯೋ, ಮಾರಿದವನಲ್ಲಿಯೋ, ಮಗುವಿಗೆ ಕೊಡಿಸಿದ ತಂದೆಯಲ್ಲಿಯೋ, ಅದನ್ನು ಕೂಡಿಟ್ಟು ಬಂದವರಿಗೆ ತೋರಿಸುವ ನನ್ನಂಥವನಲ್ಲಿಯೋ?

ಪ್ಲೇಟೋ ಮಹಾಶಯನನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಅವನು ಮಂಚದ ಉದಾಹರಣೆ ಕೊಡುತ್ತಾನೆ. ದೇವರ ಸೃಷ್ಟಿಯಾದ ಮಂಚದ ಭಾವ ಒಂದು, ಬಡಗಿ ಮಾಡಿದ ಮಂಚ ಇನ್ನೊಂದು, ಚಿತ್ರಕಾರ ಬರೆದ ಮಂಚ ಮತ್ತೊಂದು; ಹೀಗೆ ಚಿತ್ರಕಾರನು ಸತ್ಯದಿಂದ ಮೂರನೆಯ ಮೆಟ್ಟಿಲಲ್ಲಿ ದೂರ ನಿಂತವನು. ಈ ಲೆಕ್ಕವನ್ನು ಜಾತ್ರೆಯ ಗೊಂಬೆಗೆ ಹಚ್ಚಿದರೆ ಪ್ಲೇಟೋನಿಗೇ ತಲೆ ತಿರುಗಬಹುದು. ಸೂಪರ್‌ಮ್ಯಾನ್ ಎಂಬವನು ಎಂದೂ ಇರಲಿಲ್ಲ. ಇಲ್ಲದವನನ್ನು 1938ರಲ್ಲಿ ಇಬ್ಬರು ತರುಣರು ಚಿತ್ರಕಥೆಯಲ್ಲಿ ಬರೆದರು. ಆ ಚಿತ್ರವನ್ನು 1978ರ ಸಿನಿಮಾದಲ್ಲಿ ಒಬ್ಬ ನಟ ಅಭಿನಯಿಸಿದ. ಆ ನಟನನ್ನು ನೋಡಿ ಕಂಪನಿಯವರು ಗೊಂಬೆ ಮಾಡಿದರು. ಕಂಪನಿಯ ಗೊಂಬೆಯನ್ನು ನೋಡಿ ಎಲ್ಲಿಯದೋ ಓಣಿಯ ಕಾರಖಾನೆಯವನು ಅಚ್ಚು ಕೊರೆದ. ಆ ಅಚ್ಚು ಸವೆದು ಮೂಗು ಮಾಯವಾದ ಮೇಲೆ ಇಳಿದ ಗೊಂಬೆ ಬಾಗೇವಾಡಿಯ ತಾಡಪತ್ರಿಯ ಮೇಲೆ ಬಂದು ಮಲಗಿದೆ. ಸತ್ಯದಿಂದ ಇದು ಎಷ್ಟನೆಯ ಮೆಟ್ಟಿಲು? ಇಷ್ಟು ದೂರ ಬಂದ ಮೇಲೆ ದೂರವೆಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಮೊದಲ ಮೆಟ್ಟಿಲಲ್ಲಿಯೇ ಯಾರೂ ಇರಲಿಲ್ಲವಲ್ಲ!

ನಮ್ಮ ಶಂಕುಕನು ಈ ವಿಷಯದಲ್ಲಿ ಹೆಚ್ಚು ಉದಾರಿ. ಭರತನ ರಸಸೂತ್ರವನ್ನು ವಿವರಿಸುತ್ತ ಅವನು, ರಂಗದ ಮೇಲಿನ ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಎಂಥದು ಎಂದು ಕೇಳಿದನಂತೆ. ‘ಇವನೇ ರಾಮ’ ಎಂಬ ನಿಜಜ್ಞಾನ ಅದಲ್ಲ. ರಾಮನಲ್ಲದವನನ್ನು ರಾಮನೆಂದು ಬಗೆದ ಭ್ರಾಂತಿಯೂ ಅಲ್ಲ. ‘ಹೌದೋ ಅಲ್ಲವೋ’ ಎಂಬ ಸಂಶಯವಲ್ಲ. ‘ರಾಮನ ಹಾಗಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ನಾವು ‘ಕುದುರೆ’ ಎನ್ನುತ್ತೇವಲ್ಲ, ಆ ಜಾತಿಯ ಅರಿವು. ಇದೇ ಚಿತ್ರತುರಗನ್ಯಾಯ. ಅಭಿನವಗುಪ್ತನ ಗುರು ಭಟ್ಟತೌತನು ಈ ವಾದವನ್ನು ಖಂಡಿಸಿದನೆಂಬುದು ಕಾವ್ಯಮೀಮಾಂಸೆ ಓದಿದವರಿಗೆಲ್ಲ ಗೊತ್ತು. ರಸದ ವಿಷಯದಲ್ಲಿ ಶಂಕುಕ ಸೋತಿರಬಹುದು; ಗೊಂಬೆಯ ವಿಷಯದಲ್ಲಿ ಅವನೇ ಗೆದ್ದವನೆಂದು ನನ್ನ ಮತ. ಮಗು ಮೂಗಿಲ್ಲದ ಆ ಪ್ಲಾಸ್ಟಿಕ್ ತುಂಡನ್ನು ಎತ್ತಿಕೊಂಡು ‘ಸ್ಪೈಡರ್‌ಮ್ಯಾನ್’ ಎಂದು ಕೂಗಿದಾಗ ಅದು ನಿಜ ಹೇಳುತ್ತಿಲ್ಲ, ಮೋಸಹೋಗಿಯೂ ಇಲ್ಲ. ಅದು ಆಟಕ್ಕೆ ಕೂತಿದೆ.

ಅಲ್ಲದೆ, ನಕಲು ಎಂಬುದು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಗೌರಿಹುಣ್ಣಿಮೆ ಬಂತೆಂದರೆ ಈ ಕಡೆಯ ಪೇಟೆಗಳಲ್ಲಿ ಸಕ್ಕರೆ ಆರತಿಯ ಗೊಂಬೆಗಳು ಸಾಲುಗಟ್ಟಿ ಕೂಡುತ್ತವೆ. ಎರಡು ಹೋಳಾದ ಕಟ್ಟಿಗೆಯ ಅಚ್ಚನ್ನು ಜೋಡಿಸಿ ಕಟ್ಟಿ ಕಾದ ಸಕ್ಕರೆಯ ಪಾಕವನ್ನು ಸುರಿದರೆ ಆನೆ, ಒಂಟೆ, ನವಿಲು, ತೇರು ಎಲ್ಲವೂ ಬೆಳ್ಳಗೆ ಹೊರಬೀಳುತ್ತವೆ. ಅಚ್ಚು ತಲೆಮಾರಿನಿಂದ ಬಂದದ್ದು. ಆನೆಯ ಸೊಂಡಿಲು ಅದರಲ್ಲಿ ಎಂದೋ ಸವೆದಿದೆ. ಗಂಡಿನ ಮನೆಯವರು ನಿಶ್ಚಯವಾದ ಹೆಣ್ಣಿಗೆ ಅದನ್ನೇ ತಟ್ಟೆಯಲ್ಲಿಟ್ಟು ಒಯ್ಯುತ್ತಾರೆ. ಈ ಆನೆ ಯಾವ ಆನೆಯ ನಕಲು ಎಂದು ಯಾವ ಬೀಗರೂ ಕೇಳಿದ್ದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಮಾತು ಇನ್ನೂ ಸೊಗಸು. ಕುಂಬಾರನ ಮನೆಯಿಂದ ತಂದ ಹಸಿಮಣ್ಣಿನ ಎತ್ತುಗಳನ್ನು ಪೂಜಿಸಿದ ಮರುದಿನ ಹುಡುಗರು ಕಾಲು ಮುರಿದ ಒಂದು ಎತ್ತನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಅಂದು ಕುಂಟೆತ್ತಿಗೇ ಅಗ್ರಪೂಜೆ. ಕಾಲು ಸರಿಯಿದ್ದ ಎತ್ತುಗಳು ಮಾಡದಲ್ಲಿ ಸುಮ್ಮನೆ ಕೂತಿರುತ್ತವೆ. ಊನವಾದದ್ದನ್ನು ಎಸೆಯದೆ ಅದನ್ನೇ ಮುಂದೆ ಮಾಡಿಕೊಂಡು ಮೆರೆಯುವ ಈ ಬುದ್ಧಿಯನ್ನು ನಮ್ಮ ಹುಡುಗರಿಗೆ ಯಾರು ಕಲಿಸಿದರೋ!

ದೊಡ್ಡವರ ಲೋಕದಲ್ಲಿಯೂ ಹೀಗೆಯೇ. ಜಾತ್ರೆಯ ರಸಮಂಜರಿಯಲ್ಲಿ ‘ಜೂನಿಯರ್ ರಾಜಕುಮಾರ್’, ‘ಜೂನಿಯರ್ ವಿಷ್ಣುವರ್ಧನ್’ ಎಂದು ಸಾರಿಕೊಂಡು ಬರುವ ಕಲಾವಿದರನ್ನು ನೋಡಿ. ಕುಣಿಯುವವನು ಅಸಲಿಯಲ್ಲವೆಂದು ನೆರೆದ ಸಾವಿರ ಜನಕ್ಕೂ ಗೊತ್ತು. ಅಸಲಿಯಲ್ಲವೆಂದು ಅವನೇ ತನ್ನ ಹೆಸರಿನ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಆದರೂ ಅವನು ಕೈಗಡಗವನ್ನು ಒಮ್ಮೆ ತಿರುವಿದರೆ ಸೀಟಿಗಳು ಹಾರುತ್ತವೆ. ಅಲ್ಲಿ ಯಾರಿಗೆ ಯಾರಿಂದ ಮೋಸವಾಯಿತು?

ಹಾಗೆಂದು ಪ್ರಶ್ನೆಯನ್ನು ಇಷ್ಟಕ್ಕೇ ಮುಗಿಸಿಬಿಡುವುದು ನ್ಯಾಯವಲ್ಲ. ಸಕ್ಕರೆಯ ಆನೆಗೆ ಒಡೆಯನಿಲ್ಲ, ಸ್ಪೈಡರ್‌ಮ್ಯಾನಿಗೆ ಇದ್ದಾನೆ. 1957ರ ನಮ್ಮ ಕೃತಿಸ್ವಾಮ್ಯದ ಕಾಯಿದೆ ಇದೆ, ವ್ಯಾಪಾರದ ಗುರುತುಗಳ ಕಾಯಿದೆ ಇದೆ. ಇನ್ನೊಬ್ಬನು ಕಲ್ಪಿಸಿದ್ದನ್ನು ಕೇಳದೆ ತೆಗೆದುಕೊಂಡು ಮಾರುವುದು ಕಳವೇ ಅಲ್ಲವೆ ಎಂದು ಕೇಳಿದರೆ, ಅಲ್ಲ ಎಂದು ಥಟ್ಟನೆ ಹೇಳಲು ನನಗೆ ನಾಲಗೆ ಏಳುವುದಿಲ್ಲ. ನಮ್ಮ ಇಂಡಿಯ ಲಿಂಬೆಯ ವಿಚಾರವನ್ನೇ ತೆಗೆದುಕೊಳ್ಳಿ. ಅದಕ್ಕೆ ಈಚೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಬೇರೆ ಕಡೆ ಬೆಳೆದ ಕಾಯಿಯನ್ನು ‘ಇಂಡಿ ಲಿಂಬೆ’ಯೆಂದು ಮಾರಕೂಡದು. ಈ ಸುದ್ದಿ ಕೇಳಿ ನಾವೆಲ್ಲ ಸಂತೋಷಪಟ್ಟೆವು. ನಮ್ಮ ತೋಟದ ಹೆಸರಿಗೆ ಬೇಲಿ ಬೇಕು, ಪರದೇಶದ ಕಂಪನಿಯ ಹೆಸರಿಗೆ ಬೇಲಿ ಬೇಡ ಎಂದರೆ ಅದು ಧರ್ಮವಲ್ಲ, ಬರಿಯ ಸ್ವಪಕ್ಷಪಾತ.

ಆದರೆ ಬೇಲಿ ಹಾಕುವುದು ಯಾತಕ್ಕೆ? ಎರಡು ಕಾರಣಕ್ಕೆ ಎಂದು ನನಗೆ ತೋರುತ್ತದೆ. ಕೊಳ್ಳುವವನು ಮೋಸಹೋಗಬಾರದು, ಬೆವರು ಸುರಿಸಿದವನಿಗೆ ಅವನ ಫಲ ದಕ್ಕಬೇಕು. ಎರಡನೆಯದರ ವಿಚಾರದಲ್ಲಿ ಸೂಪರ್‌ಮ್ಯಾನಿನ ಚರಿತ್ರೆಯೇ ಒಂದು ಪಾಠ. ಅವನನ್ನು ಕಲ್ಪಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು 1938ರಲ್ಲಿ ಆ ವೀರನ ಮೇಲಿನ ಎಲ್ಲ ಹಕ್ಕನ್ನೂ 130 ಡಾಲರಿಗೆ ಬರೆದುಕೊಟ್ಟರು. ವೀರ ಕೋಟಿ ಕೋಟಿ ಗಳಿಸಿದ; ಹೆತ್ತವರು ಬಡತನ ಉಂಡರು. ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ, 1975ರಲ್ಲಿ, ಅವರಿಗೆ ಕಂಪನಿಯಿಂದ ವರ್ಷಾಶನ ಗೊತ್ತಾಯಿತು. ವಿನೋದವೆಂದರೆ ಆ 130 ಡಾಲರು ನಮೂದಾಗಿದ್ದ ಹಳೆಯ ಚೆಕ್ಕು 2012ರಲ್ಲಿ ಹರಾಜಿಗೆ ಬಂದು 1,60,000 ಡಾಲರಿಗೆ ಹೋಯಿತು. ಹೆತ್ತವರಿಗೆ ಸಲ್ಲದ ಹಣ ಅವರ ಹೆಸರಿದ್ದ ಕಾಗದಕ್ಕೆ ಸಂದಿತು. ಕೊಟ್ಟವರು ಸಂಗ್ರಾಹಕರು, ಅಂದರೆ ನನ್ನ ಜಾತಿಯವರು. ‘ಅಸಲಿ’ ಎಂಬ ಮುದ್ರೆಯ ಹಿಂದೆ ಯಾವಾಗಲೂ ನ್ಯಾಯವೇ ಇರುತ್ತದೆಂದು ನಂಬುವುದು ಕಠಿಣ.

ಬೇಲಿಗೂ ಒಂದು ಕಾಲಮಿತಿಯುಂಟು. 1928ರಲ್ಲಿ ತೆರೆಗೆ ಬಂದ ಮೊದಲ ಮಿಕ್ಕಿ ಇಲಿಯ ರೂಪ ಅಮೆರಿಕೆಯಲ್ಲಿ 2024ರ ಜನವರಿ 1ರಂದು ಎಲ್ಲರ ಸೊತ್ತಾಯಿತು. ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಅಪರಾಧವಾಗಿದ್ದದ್ದು ಹನ್ನೆರಡು ಬಡಿದ ಮೇಲೆ ನಿರಪರಾಧವಾಗುವುದೆಂದರೆ, ಅದು ವ್ಯವಹಾರದ ಅನುಕೂಲಕ್ಕೆ ಹಾಕಿದ ಗೆರೆ, ಪಾಪಪುಣ್ಯದ ಗೆರೆಯಲ್ಲ. ಗೆರೆಯನ್ನು ಗೌರವಿಸೋಣ. ಆದರೆ ಹತ್ತು ರೂಪಾಯಿಯ ಗೊಂಬೆ ಕೊಂಡವನು ಸಾವಿರ ರೂಪಾಯಿಯ ಗೊಂಬೆ ಕೊಳ್ಳುವವನಾಗಿದ್ದ, ಆ ಗಿರಾಕಿಯನ್ನು ಜಾತ್ರೆಯವನು ಕದ್ದ ಎಂದು ಲೆಕ್ಕ ಬರೆಯುವವರನ್ನು ಒಮ್ಮೆ ಸಿಂದಗಿಯ ಸಂತೆಗೆ ಕರೆತಂದು ನಿಲ್ಲಿಸಬೇಕು.

ಮೊದಲನೆಯ ಕಾರಣ, ಕೊಳ್ಳುವವನ ಮೋಸ, ಹೆಚ್ಚು ತೂಕದ್ದು. ಇಲ್ಲಿ ನಾನು ಒಂದು ವಿಚಿತ್ರವಾದ ತೀರ್ಮಾನಕ್ಕೆ ಬಂದಿದ್ದೇನೆ. ಕಾಗುಣಿತ ತಪ್ಪಿದ ನಕಲಿಯೇ ಪ್ರಾಮಾಣಿಕವಾದ ನಕಲಿ. ಹೆಸರಿನಲ್ಲಿ ಒಂದಕ್ಷರ ಬದಲಾಯಿಸಿದವನು ಕಾಯಿದೆಗೆ ಹೆದರಿ ಹಾಗೆ ಮಾಡಿರಬಹುದು, ತಿಳಿಯದೆಯೂ ಮಾಡಿರಬಹುದು. ಹೇಗಾದರೂ ಅವನ ಗೊಂಬೆ ‘ನಾನು ಅವನಲ್ಲ’ ಎಂದು ಹಣೆಯ ಮೇಲೆ ಬರೆದುಕೊಂಡೇ ಬರುತ್ತದೆ. ಬೆಲೆಯೂ ಅದನ್ನೇ ಹೇಳುತ್ತದೆ. ಇದಕ್ಕೆ ವಿರುದ್ಧವಾಗಿ, ನಗರದ ಗಾಜಿನ ಅಂಗಡಿಯಲ್ಲಿ ಅಕ್ಷರ ತಪ್ಪದೆ, ಮುದ್ರೆ ತಪ್ಪದೆ, ಹೊಳೆಯುವ ಚೀಟಿಯ ಸಮೇತ ಅಸಲಿಯ ಬೆಲೆಗೇ ಮಾರುವ ನಕಲಿ ಇದೆಯಲ್ಲ, ಅದು ಮೋಸ. ಹೋಲಿಕೆ ಹೆಚ್ಚಾದಷ್ಟೂ ಪಾಪ ಹೆಚ್ಚು, ಕಡಿಮೆಯಾದಷ್ಟೂ ಪಾಪ ಕಡಿಮೆ! ಕಲೆಯಲ್ಲಿ ಇದರ ತಿರುವುಮುರುವಾದ ನಿಯಮವಿದೆಯೆಂದು ಪಂಡಿತರು ಹೇಳಿಯಾರು. ಹೇಳಲಿ. ಒಮ್ಮೆ ಒಬ್ಬ ಆಟಿಗೆ ಸಾಮಾನಿನವನನ್ನು ‘ಇದು ಅಸಲಿಯೋ?’ ಎಂದು ಸುಮ್ಮನೆ ಕೆಣಕಿದೆ. ಅವನು ತಲೆಯೆತ್ತದೆಯೇ ಹೇಳಿದ: “ಅಸಲಿ ಬೇಕಂದ್ರ ಸೊಲ್ಲಾಪುರಕ್ಕ ಹೋಗ್ರಿ ಸರ್ರ. ಇಲ್ಲಿಗೆ ಇದ ಅಸಲಿ.”

ಇಷ್ಟೆಲ್ಲ ತರ್ಕ ಮನೆಯಲ್ಲಿ ಕೂತು ಮಾಡುವುದು ಸುಲಭ. ಬಾಗೇವಾಡಿಯ ಜಾತ್ರೆಯಲ್ಲಿ ಒಂದು ಸಂಜೆ ಪರೀಕ್ಷೆ ಎದುರಿಗೇ ಬಂದು ನಿಂತಿತು. ನಮ್ಮ ಈ ನಾಲ್ಕು ತಾಲೂಕುಗಳಿಂದ ಪುಣೆ, ಮುಂಬಯಿ, ಗೋವೆಗಳಿಗೆ ದುಡಿಯಲು ಹೋಗುವವರು ಎಷ್ಟೋ ಜನ. ಮಕ್ಕಳನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಹಬ್ಬಕ್ಕೆ, ಜಾತ್ರೆಗೆ ಬಂದು ಮುಖ ತೋರಿಸಿ ಹೋಗುತ್ತಾರೆ. ಹಾಗೆ ಬಂದಿದ್ದ ಒಬ್ಬ ತರುಣ ಐದಾರು ವರ್ಷದ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅಂಗಡಿಯ ಮುಂದೆ ನಿಂತಿದ್ದ. ಅಂಗೈಯಲ್ಲಿ ಸಿಮೆಂಟಿನ ಬಿರುಕುಗಳು. ಅಂಗಡಿಯವನು ಕೊಟ್ಟ ಗೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ; ಸಮಾಧಾನವಾಗಲಿಲ್ಲ. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತು ಗೊಂಬೆಗಳನ್ನು ಪರೀಕ್ಷಿಸುತ್ತಿದ್ದ ನನ್ನನ್ನು ಕಂಡು, ಓದಿದವನಿರಬೇಕೆಂದು ಬಗೆದು ಕೇಳಿದ: “ಸರ್ರ, ಇದು ಟಿವಿಯಾಗ ಬರ್ತಾನಲ್ರಿ, ಅವನ ಹೌದಿಲ್ರಿ?” ಮಗು ಹೆಗಲ ಮೇಲಿನಿಂದ ನನ್ನ ಬಾಯನ್ನೇ ನೋಡುತ್ತಿತ್ತು.

ಅದರ ಎದೆಯ ಮೇಲಿನ ಜೇಡಕ್ಕೆ ಆರೇ ಕಾಲು. ಮುಸುಕಿನ ಕಣ್ಣೊಂದು ಕೆನ್ನೆಗೆ ಇಳಿದಿತ್ತು. “ಹೌದಪ್ಪಾ, ಅವನ” ಎಂದೆ. ತರುಣ ಮೂವತ್ತು ರೂಪಾಯಿ ಎಣಿಸಿ ಕೊಟ್ಟು ಜನಸಂದಣಿಯಲ್ಲಿ ಸೇರಿಹೋದ.

ನಾನು ಸುಳ್ಳು ಹೇಳಿದೆನೆ? ‘ಸತ್ಯವನ್ನು ಹೇಳು, ಪ್ರಿಯವನ್ನು ಹೇಳು, ಅಪ್ರಿಯವಾದ ಸತ್ಯವನ್ನು ಹೇಳಬೇಡ’ ಎಂಬ ಹಳೆಯ ಮಾತಿನ ಮರೆಯಲ್ಲಿ ನಿಂತುಕೊಳ್ಳಲು ನನಗೆ ಇಷ್ಟವಿಲ್ಲ. ಅದೇ ಮಾತು ಪ್ರಿಯವಾದ ಅಸತ್ಯವನ್ನೂ ಹೇಳಬೇಡವೆನ್ನುತ್ತದೆ. ನನ್ನ ಸಮರ್ಥನೆ ಬೇರೆ. ಲೋಕದಲ್ಲಿ ಎರಡು ಪ್ರಶ್ನೆಗಳಿವೆ: ‘ಇವನು ಯಾರು?’ ಎಂಬುದು ಒಂದು, ‘ಇದು ಯಾರದು?’ ಎಂಬುದು ಇನ್ನೊಂದು. ಕಾಯಿದೆ ಕೇಳುವುದು ಎರಡನೆಯದನ್ನು, ಪೇಟೆಯೂ ಎರಡನೆಯದನ್ನೇ. ಆ ತಂದೆ ಕೇಳಿದ್ದು ಮೊದಲನೆಯದನ್ನು. ಕಂಪನಿ ಯಾವುದು, ಪರವಾನಗಿ ಇದೆಯೆ ಎಂದು ಅವನು ಕೇಳಲಿಲ್ಲ. ತನ್ನ ಮಗ ಯಾರನ್ನು ಬೇಡಿದನೋ ಅವನೇ ಇವನೋ ಎಂದು ಕೇಳಿದ. ಗೋಡೆಯ ಮೇಲಿನ ಕುದುರೆಯನ್ನು ತೋರಿಸಿ ‘ಇದು ಕುದುರೆ ಹೌದೇನು?’ ಎಂದರೆ ಹೌದು ಎನ್ನುವವನು ಸುಳ್ಳುಗಾರನೆ? ಆರು ಕಾಲಿನ ಜೇಡವಾದರೂ ಜೇಡವೇ. ಮೂವತ್ತರ ಗೊಂಬೆಯನ್ನು ಮುನ್ನೂರಕ್ಕೆ ಹೇಳಿ, ‘ಇದು ಕಂಪನಿಯದೇ?’ ಎಂದು ಅವನು ಕೇಳಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಆಗ ಸುಮ್ಮನಿದ್ದರೂ ನಾನು ಮೋಸದಲ್ಲಿ ಪಾಲುದಾರ.

ಆದರೂ ಈ ಸಮರ್ಥನೆ ಒಂದು ಕಡೆ ಸೋರುತ್ತದೆ. ಮುಂದೊಂದು ದಿನ ಬೆಂಗಳೂರಿನಿಂದಲೋ ಪುಣೆಯಿಂದಲೋ ಯಾರ ಮನೆಗೋ ಒಬ್ಬ ಹುಡುಗ ಬರುತ್ತಾನೆ. ಅವನ ಕೈಯಲ್ಲಿ ಕೀಲುಕೀಲಿಗೂ ಮಡಚುವ, ಕಣ್ಣು ಕಣ್ಣಿನ ಜಾಗದಲ್ಲಿಯೇ ಇರುವ, ಎರಡು ಸಾವಿರ ರೂಪಾಯಿಯ ಗೊಂಬೆ ಇರುತ್ತದೆ. ಅವನು ಇದನ್ನು ನೋಡಿ ನಗುತ್ತಾನೆ. ಆ ಗಳಿಗೆಯಲ್ಲಿ ಗೊಂಬೆ ಮೊದಲ ಬಾರಿಗೆ ನಕಲಿಯಾಗುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದನ್ನು ಕೊಡಿಸಿದ ತಂದೆಯೂ ಮಗುವಿನ ಕಣ್ಣಿನಲ್ಲಿ ಒಂದು ಮೆಟ್ಟಿಲು ಇಳಿಯುತ್ತಾನೆ.

ಈ ಗಳಿಗೆಯನ್ನು ನಮ್ಮ ಸಾಹಿತ್ಯದಲ್ಲಿ ಒಬ್ಬ ಕವಿ ಬಹಳ ಹಿಂದೆಯೇ ಕಂಡಿದ್ದ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಚಾರುದತ್ತನ ಮಗ ರೋಹಸೇನ ಅಳುತ್ತಿದ್ದಾನೆ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದ. ಅವರು ಅದನ್ನು ಒಯ್ದುಬಿಟ್ಟರು. ದಾಸಿ ರದನಿಕೆ ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟಿದ್ದಾಳೆ. ಅವನಿಗೆ ಅದು ಬೇಡ. ಇಲ್ಲಿ ನೀತಿಬೋಧಕರಾಗಿದ್ದರೆ ಏನು ಮಾಡುತ್ತಿದ್ದರು? ಮಣ್ಣಿನದೂ ಬಂಡಿಯೇ ಮಗೂ, ಇದ್ದುದರಲ್ಲಿ ತೃಪ್ತಿಪಡು ಎಂದು ಬೋಧೆ ಮಾಡುತ್ತಿದ್ದರು. ವಸಂತಸೇನೆ ಹಾಗೆ ಮಾಡುವುದಿಲ್ಲ. ಅವಳು ಕಣ್ಣೀರು ತರುತ್ತಾಳೆ. ಮೈಮೇಲಿನ ಆಭರಣಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿಯೇ ತುಂಬಿ, ಚಿನ್ನದ ಬಂಡಿ ಮಾಡಿಸಿಕೋ ಎನ್ನುತ್ತಾಳೆ. ಮಗುವಿನ ಆಸೆ ಅವಳಿಗೆ ಸಣ್ಣದಾಗಿ ಕಾಣಲಿಲ್ಲ. ಬಡವರ ಮಕ್ಕಳಿಗೆ ತೃಪ್ತಿಯನ್ನು ಉಪದೇಶಿಸುವುದು ಉಳ್ಳವರಿಗೆ ಎಷ್ಟು ಸಲೀಸೆಂಬುದು ಶೂದ್ರಕನಿಗೆ ಗೊತ್ತಿತ್ತು. ಹಾಗಿದ್ದೂ ಅವನು ತನ್ನ ಪ್ರಕರಣಕ್ಕೆ ಚಿನ್ನದ ಬಂಡಿಯ ಹೆಸರಿಡಲಿಲ್ಲ. ಮಣ್ಣಿನ ಬಂಡಿಯ ಹೆಸರನ್ನೇ ಇಟ್ಟ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ನನ್ನಿಂದ ಇನ್ನೂ ಆಗಿಲ್ಲ. ನಕಲಿಯನ್ನು ನಾನು ಎಷ್ಟು ಹೊಗಳಿದರೂ, ನನ್ನ ಹೊಗಳಿಕೆಯಿಂದ ಆ ಹುಡುಗನಿಗೆ ಒಂದು ಕೀಲೂ ಹೆಚ್ಚು ಬರುವುದಿಲ್ಲ.

ಇದರಿಂದಲೇ ಸಂಗ್ರಾಹಕನ ನಗುವಿನ ಪ್ರಶ್ನೆಗೆ ಬರುತ್ತೇನೆ. ನಕಲಿ ಗೊಂಬೆಗಳನ್ನು ಕೂಡಿಡುವವರು ಈಗ ಲೋಕದಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಬಹುಪಾಲು ಜನ ಕೂಡಿಡುವುದು ನಗುವುದಕ್ಕೆ. ನಗುವುದು ತಪ್ಪಲ್ಲ, ಹೊಟ್ಟೆಗೆ ಬಣ್ಣ ಬಿದ್ದ ಭೀಮನನ್ನು ಕಂಡು ನಗದಿರುವುದು ಸಂನ್ಯಾಸಿಗೂ ಅಸಾಧ್ಯ. ಜಾತ್ರೆಯ ಮಕ್ಕಳೂ ನಗುತ್ತವೆ; ನಕ್ಕು ಅದರೊಡನೆ ಆಡುತ್ತವೆ. ನಾನು ಅಂಜುವುದು ಇನ್ನೊಂದು ನಗುವಿಗೆ. ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಾಗ ನಗರದಿಂದ ಬಂದ ಪರಿಚಯಸ್ಥರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕು, “ಇಂಥವನ್ನೂ ದುಡ್ಡು ಕೊಟ್ಟು ತಗೋತಾರೇನ್ರೀ ಜನ!” ಎಂದರು. ಆ ‘ಜನ’ ಎಂಬ ಮಾತಿನಲ್ಲಿ ಗೊಂಬೆ ಇರಲಿಲ್ಲ. ಹೆಗಲ ಮೇಲೆ ಮಗನನ್ನು ಹೊತ್ತಿದ್ದ ಆ ತರುಣನಿದ್ದ. ಬೋದಿಲೇರ್ ಎಂಬ ಫ್ರೆಂಚ್ ಕವಿ ಆಟಿಕೆಗಳ ಮೇಲೆ 1853ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಸರಳುಗಳ ಆಚೆಯ ಬಡ ಹುಡುಗನ ಆಟಿಕೆಯನ್ನು ಈಚೆಯ ಸಿರಿವಂತ ಹುಡುಗ ತನ್ನ ಬೆಲೆಯುಳ್ಳ ಗೊಂಬೆಯನ್ನು ಮರೆತು ಆಸೆಯಿಂದ ನೋಡುವ ಚಿತ್ರವಿದೆ. ಆ ಆಟಿಕೆ ಯಾವುದೆಂದರೆ ಬೋನಿನಲ್ಲಿದ್ದ ಒಂದು ಜೀವಂತ ಇಲಿ. ಮಕ್ಕಳಿಬ್ಬರೂ ಸರಿಸಮನಾಗಿ ನಕ್ಕರು. ಮಕ್ಕಳಿಗೆ ಅದು ಸಾಧ್ಯ. ನನ್ನ ಪರಿಚಯಸ್ಥರು ಸಿರಿವಂತ ಹುಡುಗನಷ್ಟೂ ಬೆಳೆದಿರಲಿಲ್ಲ.

ಜರ್ಮನಿಯ ವಾಲ್ಟರ್ ಬೆಂಜಮಿನ್ ಎಂಬ ವಿಚಾರವಂತನೂ ಆಟಿಕೆಗಳನ್ನು ಕೂಡಿಡುತ್ತಿದ್ದ. 1926-27ರ ಚಳಿಯಲ್ಲಿ ಮಾಸ್ಕೋಗೆ ಹೋದವನು ಬೀದಿಯಲ್ಲಿ ಮಾರುವ ಕಟ್ಟಿಗೆಯ ಬಡ ಆಟಿಕೆಗಳನ್ನು ಹುಡುಕಿ ಹುಡುಕಿ ಕೊಂಡ. ಅವು ಕಣ್ಮರೆಯಾಗುತ್ತಿವೆ ಎಂಬುದು ಅವನ ಕಳವಳ. ನಾನೂ ಅದೇ ನೆಪ ಹೇಳಬಹುದು: ಸವೆದ ಅಚ್ಚಿನ ಗೊಂಬೆ ಒಂದೇ ವರ್ಷ ಬರುತ್ತದೆ, ಯಾವ ವಸ್ತುಸಂಗ್ರಹಾಲಯವೂ ಇದನ್ನು ಇಡುವುದಿಲ್ಲ, ಇಂದಿನ ಮಕ್ಕಳು ಏನಾಡಿದರೆಂದು ನೂರು ವರ್ಷದ ಮೇಲೆ ಯಾರಿಗೂ ತಿಳಿಯುವುದಿಲ್ಲ. ನೆಪ ಸುಳ್ಳಲ್ಲ. ಆದರೆ ಇದಕ್ಕೊಂದು ಕಟ್ಟಳೆ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಒಂದೇ ಉಳಿದಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ. ಅದು ಆಟಕ್ಕೆ ಹೋಗಬೇಕಾದದ್ದು, ಪೆಟ್ಟಿಗೆಗಲ್ಲ.

ಈ ಎಲ್ಲ ಮಾತಿನಲ್ಲಿ ನಿಜವಾದ ಕೆಡುಕು ಮರೆಯಾಗಬಾರದು. ರೋಲಾಂಡ್ ಬಾರ್ತ್ 1957ರ ತನ್ನ ಪುಸ್ತಕದಲ್ಲಿ ಪ್ಲಾಸ್ಟಿಕ್ ಆಟಿಕೆಗಳನ್ನು ಹಳಿದು ಕಟ್ಟಿಗೆಯನ್ನು ಕೊಂಡಾಡಿದ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ, ಕೊಪ್ಪಳದ ಕಿನ್ನಾಳದವರ ಗೊಂಬೆ ಕಂಡವರಿಗೆ ಅವನ ಮಾತು ಒಪ್ಪಿಗೆಯಾದೀತು. ಸೊಗಸಿನ ಮಾತು ಬಿಡಿ, ಅದರಲ್ಲಿ ರುಚಿಭೇದವಿದ್ದದ್ದೇ. ಅಗ್ಗದ ಬಣ್ಣದಲ್ಲಿ ಸೀಸವಿದ್ದರೆ ಅದು ರುಚಿಭೇದವಲ್ಲ. ಮಗು ಗೊಂಬೆಯನ್ನು ಕೈಯಿಂದ ಮಾತ್ರ ಆಡುವುದಿಲ್ಲ, ಬಾಯಿಂದಲೂ ಆಡುತ್ತದೆ. ನನ್ನ ಪೆಟ್ಟಿಗೆಯ ಕೆಲವು ವೀರರು ಮುಟ್ಟಿದರೆ ಬೆರಳಿಗೆ ಕೆಂಪು ಹತ್ತುತ್ತದೆ. ಕೆಲವರು ಬೇಸಗೆಯಲ್ಲಿ ಬೆವರಿದಂತೆ ಅಂಟಂಟಾಗುತ್ತಾರೆ. ಇವುಗಳ ಪೊಟ್ಟಣದ ಮೇಲೂ ಐಎಸ್ಐ ಗುರುತಿನಂಥ ಒಂದು ಗುರುತು ಇರುತ್ತದೆ. ಸ್ಪೈಡರ್‌ಮ್ಯಾನಿನ ಮುಖವನ್ನು ನಕಲು ಮಾಡಿದವನನ್ನು ನಾನು ನಕ್ಕು ಬಿಟ್ಟೇನು. ‘ಇದನ್ನು ಪರೀಕ್ಷಿಸಿದೆ, ಮಗುವಿಗೆ ಅಪಾಯವಿಲ್ಲ’ ಎಂಬ ಮಾತನ್ನು ನಕಲು ಮಾಡಿದವನನ್ನು ಬಿಡಲಾರೆ. ಮುಖಕ್ಕೆ ಒಡೆಯ ಯಾರಾದರೂ ಆಗಿರಲಿ, ಆ ಮಾತನ್ನು ನಂಬಿ ಮೂವತ್ತು ರೂಪಾಯಿ ಎಣಿಸುವವನು ಸಿಮೆಂಟು ಹೊತ್ತು ಬಂದ ತಂದೆ. ಕಾಯಿದೆ ತನ್ನ ಶಕ್ತಿಯನ್ನು ಎಲ್ಲಿ ಮೊದಲು ಖರ್ಚು ಮಾಡಬೇಕೆಂದು ನನ್ನನ್ನು ಕೇಳಿದರೆ ಇಲ್ಲಿ ಎನ್ನುತ್ತೇನೆ. ಆ ಸಂಜೆ ನಾನು ‘ಹೌದಪ್ಪಾ’ ಎಂದದ್ದರ ಜೊತೆಗೆ ‘ಬಾಯಾಗ ಇಡಗೊಡಬ್ಯಾಡ’ ಎಂದೂ ಹೇಳಿದ್ದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ, ಪುಗ್ಗಾ ಮಾರುವವನು ನಡುವೆ ಬಂದುಬಿಟ್ಟ.

ಸಂಗ್ರಹವೆಂದ ಮೇಲೆ ಪಟ್ಟಿ ಬೇಕು. ನನ್ನಲ್ಲಿಯೂ ಒಂದು ನೋಟುಬುಕ್ಕು ಇದೆ: ಕೊಂಡ ಊರು, ವರ್ಷ, ಬೆಲೆ, ಹೆಸರು. ಹೆಸರಿನ ಅಂಕಣದಲ್ಲಿ ಮೊದಮೊದಲು ಸಿನಿಮಾದ ಹೆಸರನ್ನೇ ಬರೆಯುತ್ತಿದ್ದೆ. ಈಗ ಅಂಗಡಿಯ ಮುಂದೆ ನಿಂತ ಮಕ್ಕಳು ಏನೆಂದು ಕರೆದವೋ ಅದನ್ನು ಬರೆದುಕೊಳ್ಳುತ್ತೇನೆ. ಯಲಗೂರದಲ್ಲಿ ಕೊಂಡ, ಕೆಂಪು ಮೈಯ, ಬೆನ್ನಿಗೆ ಉತ್ತರೀಯವುಳ್ಳ, ಯಾವ ಸಿನಿಮಾಕ್ಕೂ ಪೂರ್ತಿ ಸೇರದ ಒಬ್ಬ ವೀರನನ್ನು ಅಲ್ಲಿಯ ಹುಡುಗರು ಒಮ್ಮತದಿಂದ ‘ಹಣಮಪ್ಪ’ ಎಂದರು. ಬಾಲವಿಲ್ಲದ್ದು ಅವರಿಗೆ ಅಡ್ಡಿಯಾಗಲಿಲ್ಲ. ಮುದ್ದೇಬಿಹಾಳದ ಹಸಿರು ಸ್ಪೈಡರ್‌ಮ್ಯಾನ್ ‘ಜ್ಯಾಡ ಮಾಮಾ’ ಆಗಿದ್ದಾನೆ. 2010ರ ಒಂದು ಅಮೆರಿಕನ್ ಚಿತ್ರದಿಂದ ಲೋಕಕ್ಕೆಲ್ಲ ಹರಡಿದ, ಹಳದಿ ಮೈಯ, ಒಂದೇ ಕಣ್ಣಿನ ‘ಮಿನಿಯನ್’ ಎಂಬ ಗಿಡ್ಡ ಪ್ರಾಣಿಯನ್ನು ಇಂಡಿಯ ಸಂತೆಯಲ್ಲಿ ಒಬ್ಬ ಹುಡುಗಿ ನೋಡಿದ ಕೂಡಲೇ ‘ಲಿಂಬಿಕಾಯಿ’ ಎಂದಳು. ಮುಂದಿನ ಸಂತೆಗೆ ಹೋಗಿ, ಅಂಥದು ಇನ್ನೊಂದು ಇದೆಯೇ ಎಂದು ಅಂಗಡಿಯವನನ್ನು ಕೇಳಿದೆ. “ಲಿಂಬಿಕಾಯಿ ಏನ್ರೀ? ಎಲ್ಲಾ ಖಾಲಿ ಆದ್ವು” ಎಂದ.